ಬಸವನಹುಳುವಿಗೆ ಮೂರು ನಕ್ಷತ್ರ

ಇವತ್ತು ಬೆಳಿಗ್ಗೆಯೂ ಹಾಲು ಕಾಯಿಸಿ, ಎರಡು ಡಬ್ಬಿ ಕಟ್ಟಿ, ದೋಸೆ ಕಾವಲಿಯ ಮುಂದೆ ನಿಂತಿದ್ದೆ. ನಮ್ಮವರು ನಾಲ್ಕನೆಯ ದೋಸೆ ಮುಗಿಸಿ, ಬೆರಳು ನೆಕ್ಕಿಕೊಂಡು, "ಚಟ್ನಿ ಚೆನ್ನಾಗದೆ, ಆದ್ರೆ ಹುಣಸೆಹಣ್ಣು ಒಂಚೂರು ಮುಂದಾಯ್ತು" ಎಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಈ 'ಆದ್ರೆ' ಇಲ್ಲದ ಒಂದು ತಿಂಡಿಯನ್ನೂ ನಾನು ಕಾಣೆ. ಅವರು ಕೆಟ್ಟವರಲ್ಲ. ನಮ್ಮ ಮದ್ದೂರಿನ ಕಡೆ ನಾಲಿಗೆಯೇ ಹಾಗೆ. ಬೀಗರೂಟದಲ್ಲಿ ಮುದ್ದೆಯ ಮೇಲೆ ಮುದ್ದೆ ಮುರಿದು, ಎಲೆಯಲ್ಲಿ ಮೂಳೆ ಮಾತ್ರ ಉಳಿಸಿ ಎದ್ದವರು ಕೈ ತೊಳೆಯುವ ನಲ್ಲಿಯ ಹತ್ತಿರವೇ ಶುರುಮಾಡುತ್ತಾರೆ: "ಬಾಡು ಇನ್ನೊಂದು ಉರಿ ಬೇಯಬೇಕಿತ್ತು ಕಣ್ಲಾ."

ಅವರೂ ಮಗಳು ಶ್ವೇತಾಳೂ ಮಂಡ್ಯದ ಬಸ್ಸು ಹಿಡಿದ ಮೇಲೆ ನಾನು ಮಗಳ ಹಳೆಯ ಟ್ಯಾಬ್ ತೆಗೆದೆ. ನಗಬೇಡಿ, ನಾನು ವಿಡಿಯೊ ಗೇಮ್ ಆಡುತ್ತೇನೆ. ಒಂದೇ ಒಂದು. ಯಾರೋ ಅಕ್ಕತಂಗಿ ಇಬ್ಬರೇ ಕೂತು ಮಾಡಿದ್ದಂತೆ. ಬೆನ್ನ ಮೇಲೆ ಮನೆ ಹೊತ್ತ ಬಸವನಹುಳು ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತಾ ಹೋಗಬೇಕು. ಎಟುಕದಿದ್ದರೆ ಮನೆಯನ್ನು ಕೆಳಗಿಳಿಸಿ, ಅದರ ಮೇಲೆ ಹತ್ತಿ ಹಾರಬಹುದು. ಆಮೇಲೆ ಆ ಮನೆಯನ್ನು ಮೇಲಕ್ಕೆ ತರುವುದು ಹೇಗೆ ಎನ್ನುವುದೇ ಒಗಟು. ಮನೆಗೊಂದು ಕಿಟಕಿ, ಕಿಟಕಿಯಲ್ಲೊಂದು ದೀಪ. ಹುಳು ದೂರ ಹೋದಷ್ಟೂ ಅದು ಮಂಕಾಗುತ್ತದೆ.

ಈ ಆಟದ ಬಗ್ಗೆ ಇಂಟರ್ನೆಟ್ಟಿನಲ್ಲಿ ವಿಮರ್ಶಕರು ಬರೆದದ್ದು: ಮುದ್ದಾಗಿದೆ, ಆದರೆ ನಾಲ್ಕೇ ಗಂಟೆಯಲ್ಲಿ ಮುಗಿದುಹೋಯಿತು. ಚಿತ್ರ ಸೊಗಸು, ಆದರೆ ಒಗಟಿನಲ್ಲಿ ಕಸುವಿಲ್ಲ. ಕುಕ್ಕರಿನ ಸೀಟಿಗಳ ನಡುವೆ ಆಡುವ ನನಗೆ ಮೂರು ವಾರ ಹಿಡಿಯಿತು. ಹುಳು ಬಾವಿಯಿಂದ ಮೇಲೆ ಬರುವ ಒಗಟೊಂದಕ್ಕೇ ನಾಲ್ಕು ದಿನ. ಅದನ್ನು ಬಿಡಿಸಿದ ದಿನ ಸಾರು ಸೀದು ತಳ ಹತ್ತಿತ್ತು, ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಹೋದ ವಾರ ಆಟದ ಪುಟದಲ್ಲಿ ನಾನೂ ನನ್ನ ಅಭಿಪ್ರಾಯ ಬರೆದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ನೆನಪಿತ್ತು: ಮೊದಲು ಗುಣ, ಆಮೇಲೆ ದೋಷ, ದೋಷ ಬರೆಯದಿದ್ದರೆ ಅರ್ಧ ಅಂಕ. ನನಗೋ ದೋಷವೇ ಹೊಳೆಯಲಿಲ್ಲ. ಓದಿದವರು ದಡ್ಡಿ ಅಂದಾರೆಂದು, ಬಲ್ಲವರ ಮಾತನ್ನೇ ಎತ್ತಿಕೊಂಡು, ನನ್ನ ನೀಟಾದ ಇಂಗ್ಲಿಷಿನಲ್ಲಿ ಬರೆದೆ: ಚೆನ್ನಾಗಿದೆ, ಆದರೆ ಒಗಟುಗಳು ತೀರಾ ಸುಲಭ, ಅದರಲ್ಲೂ ಬಾವಿಯದು. ಮೂರು ನಕ್ಷತ್ರ. ಬರೆದದ್ದನ್ನು ಎರಡು ಸಲ ಓದಿಕೊಂಡೆ, ಹೆಮ್ಮೆಯಿಂದ.

ಇವತ್ತು ಉತ್ತರ ಬಂದಿತ್ತು. ಅಕ್ಕನದೋ, ತಂಗಿಯದೋ. 'ನೀವು ಹೇಳಿದ್ದು ನಿಜ. ಬಾವಿಯನ್ನು ಕಷ್ಟ ಮಾಡುತ್ತಿದ್ದೇವೆ. ಮುಂದಿನ ಆಟವಂತೂ ಇನ್ನೂ ಕಷ್ಟವಿರುತ್ತದೆ. ಕ್ಷಮಿಸಿ.'

ಕ್ಷಮಿಸಿ! ಅಂದರೆ ಮುಂದಿನ ಆಟ ನನ್ನ ಕೈಗೆ ಹತ್ತುವುದಿಲ್ಲ. ಆ ಬಾಗಿಲಿಗೆ ಅಗುಳಿ ಹಾಕಿದವಳು ನಾನೇ. ಇಪ್ಪತ್ತೆರಡು ವರ್ಷ ನನಗೆ ಬಡಿಸಿದ್ದನ್ನೇ, ಮುಖ ನೋಡದ ಇಬ್ಬರು ಹೆಣ್ಣುಮಕ್ಕಳ ಎಲೆಗೆ ನಾನು ಬಡಿಸಿದ್ದೆ; ಅದೂ ಸುಳ್ಳನ್ನು.

'ಆದರೆ'ಯಿಂದ ಮುಂದಿನದನ್ನೆಲ್ಲ ಅಳಿಸಿ, ಐದು ನಕ್ಷತ್ರ ಒತ್ತಿದೆ. ಉಳಿದದ್ದು 'ಚೆನ್ನಾಗಿದೆ' ಅಷ್ಟೇ. ಕಳೆ ಕಿತ್ತ ಪಾತಿಯ ಹಾಗೆ ಬೋಳುಬೋಳಾಗಿ ಕಂಡಿತು. ಅವರು ಅದನ್ನು ತಿರುಗಿ ನೋಡುತ್ತಾರೋ ಇಲ್ಲವೋ.

ಸಂಜೆ ಪಕ್ಕದ ಮನೆಯ ಜಯಮ್ಮ ಬೆಸಗರಹಳ್ಳಿಯ ಬೀಗರೂಟದಿಂದ ಬಂದವಳೇ ಕಾಂಪೌಂಡಿಗೆ ಒರಗಿ, ಹಲ್ಲಿಗೆ ಕಡ್ಡಿ ಹಾಕುತ್ತಾ, "ಸಾರು ಪರ್ವಾಗಿಲ್ಲ ಕಣಮ್ಮ, ಆದ್ರೆ ಕಾರ ಮುಂದು" ಎಂದಳು. ಆಮೇಲೆ ಟ್ಯಾಬಿನ ಕಡೆ ಗದ್ದ ಚಾಚಿ, "ಅದೇನವ್ವ, ದಿನಾ ಇಟ್ಕಂಡು ಕುಂತಿರ್ತೀಯಲ್ಲ, ಆಟವಾ? ಎಂಗದೆ?"

"ಚೆನ್ನಾಗಿದೆ."

ಜಯಮ್ಮ ಮುಂದಿನ ಮಾತಿಗೆ ಕಾದಳು.

"ಅಷ್ಟೇಯಾ?" ಕಡ್ಡಿ ಎಸೆದು ಒಳಗೆ ನಡೆದಳು. "ಅಂಗಾರೆ ನೀನಿನ್ನೂ ಸರ್ಯಾಗಿ ಆಡಿಲ್ಲ ಬುಡು."