ಓದದೆ ಬಿಟ್ಟ ಕಡೆಯ ಹಾಳೆ

ಹಾಳೆ ಇನ್ನೂ ಉಳಿದಿತ್ತು. ಅದನ್ನು ನಾನು ನೋಡಿದ್ದೆ. ನೋಡಿಯೂ ಬೈಬಲ್ ಮುಚ್ಚಿ, ಎದುರಿಗೆ ಕೂತಿದ್ದ ನತಾಲಿ ಅತ್ತೆಗೆ "ಮುಗೀತು" ಎಂದೆ. ಓದು ಬಾರದ ಅತ್ತೆ ನಂಬಿದಳು. ನಂಬಿದ್ದರಿಂದ ಅವಳು ಏನನ್ನು ಕಳೆದುಕೊಂಡಳು ಎಂಬುದು ನನಗೆ ತಿಳಿದದ್ದು ಈ ವರ್ಷ — ತಿಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಹಳಿಯಾಳದಿಂದ ಬಸ್ಸು ಹಿಡಿದು, ಇಳಿದು, ಕಬ್ಬಿನ ಗದ್ದೆಗಳ ನಡುವೆ ಒಂದಿಷ್ಟು ನಡೆದರೆ ಸಿಗುವ ಸಿದ್ದಿಗಳ ಕೇರಿ ನಮ್ಮದು. ಆಗ ಅಲ್ಲಿ ಕನ್ನಡವನ್ನು ತಡವರಿಸದೆ ಓದುವವಳು ನಾನೇ ಎಂಬ ಜಂಭ ನನಗಿತ್ತು. ಓದುತ್ತಿದ್ದೆ ಅನ್ನುವುದಕ್ಕಿಂತ ಓಡುತ್ತಿದ್ದೆ ಅನ್ನಬೇಕು. ಬಾಯಿ ಓದುತ್ತಿತ್ತು, ಮನಸ್ಸು ಪೇಟೆಯಲ್ಲಿ ಸೀರೆ ನೋಡುತ್ತಿತ್ತು.

ನತಾಲಿ ಅತ್ತೆ ನನ್ನ ಅಪ್ಪನ ತಂಗಿ. ಇಬ್ಬರಿಗೂ ಹಿರಿಯಣ್ಣ ಜುಜೆ ದೊಡ್ಡಪ್ಪ. ಸಾಗುವಾನಿ ಕಡಿದನೆಂದು ಗಾರ್ಡುಗಳು ಬೆನ್ನು ಹತ್ತಿದ ದಿನ ದೊಡ್ಡಪ್ಪ ಓಡಿ ಬಂದದ್ದು ತಂಗಿಯ ಅಂಗಳಕ್ಕೆ. ಅತ್ತೆ ಒಲೆ ಮುಂದೆ ಕೂತಿದ್ದಳು. ಅವಳ ಗಂಡನಿಗೆ ಆಗಷ್ಟೇ ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋದಲ್ಲಿ ಕೆಲಸ ಸಿಕ್ಕಿತ್ತು. ಇವನು ನಿಮ್ಮವನೇನು ಎಂದು ಗಾರ್ಡು ಕೇಳಿದಾಗ ಅವಳು ತಲೆ ಎತ್ತದೆ ಹೇಳಿದಳು, "ಯಾರೋ ಏನೋ, ನಂಗ ಗೊತ್ತಿಲ್ರಿ."

ದೊಡ್ಡಪ್ಪ ಅಲ್ಲೇ ನಿಂತು ಅದನ್ನು ಕೇಳಿಸಿಕೊಂಡ. ಅವನನ್ನು ಕರೆದೊಯ್ದರು. ಬಿಟ್ಟ ಮೇಲೆ ಮನೆಗೆ ಬಾರದೆ ರಾಮನಗರದ ದಾರಿ ಹಿಡಿದು ಗೋವೆಗೆ ಹೋದ. ಆಮೇಲೆ ಬಂದದ್ದು ಅವನು ತೀರಿಕೊಂಡ ಸುದ್ದಿ ಮಾತ್ರ. ಕೇರಿಗೆಲ್ಲ ಗೊತ್ತಿದ್ದ ಸಂಗತಿ ಇದು, ಆದರೆ ಅತ್ತೆಯ ಎದುರು ಯಾರೂ ಆಡುತ್ತಿರಲಿಲ್ಲ.

ಅಣ್ಣನ ಹೆಸರಿನಲ್ಲಿ ಅತ್ತೆ ಹರಕೆ ಹೊತ್ತಳು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಸಂಜೆಗಳಲ್ಲಿ ಬೈಬಲಿನ ಯೊವಾನ್ನರ ಶುಭಸಂದೇಶವನ್ನು ಮೊದಲಿನಿಂದ ಕಡೆಯವರೆಗೆ ಮನೆಯಲ್ಲಿ ಓದಿಸಿ ಕೇಳುವುದು, ಈಸ್ಟರ್ ಮರುದಿನ ಓದು ಮುಗಿಸಿ ಕೇರಿಗೆಲ್ಲ ಊಟ ಹಾಕುವುದು. ಓದುವ ಕೆಲಸ ನನ್ನ ಪಾಲಿಗೆ ಬಂತು.

ಯೇಸುವಿನ ಶಿಷ್ಯ ಪೇತ್ರನ ಭಾಗ ಬಂದ ಸಂಜೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಯೇಸುವನ್ನು ಹಿಡಿದುಕೊಂಡು ಹೋಗಿದ್ದಾರೆ. ಹೊರಗೆ ಅಂಗಳದಲ್ಲಿ ಚಳಿ. ಆಳುಗಳು ಇದ್ದಲ ಬೆಂಕಿ ಹಾಕಿದ್ದಾರೆ. ಅವರೊಂದಿಗೆ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದ ಪೇತ್ರನನ್ನು ನೀನೂ ಅವನ ಶಿಷ್ಯನಲ್ಲವೇ ಎಂದು ಕೇಳಿದರೆ, ಅಲ್ಲ ಎನ್ನುತ್ತಾನೆ, ಒಟ್ಟು ಮೂರು ಸಲ. ನಾನು ಗಡಗಡ ಓದಿ ಮುಂದೆ ಹೋಗುತ್ತಿದ್ದೆ. ಅತ್ತೆ ನನ್ನ ಮೊಣಕೈ ಹಿಡಿದಳು.

"ತಡೀ ಫಿಲು. ಅದನ್ನ ಇನ್ನೊಮ್ಮೆ ಓದು."

ಓದಿದೆ, ಬೇಸರದಿಂದಲೇ. ಅಂದಿನಿಂದ ನಾನು ಬೈಬಲ್ ತೆರೆಯುವ ಮೊದಲೇ ಅತ್ತೆಯದು ಒಂದೇ ಪ್ರಶ್ನೆ, "ಪೇತ್ರಂದು ಮುಂದ ಏನಾತು, ಬಂತೇನ?"

ಕಡೆಯ ದಿನ ಅಂಗಳದ ತುಂಬ ಜನ. ಕೋಳಿ ಸಾರಿನ ವಾಸನೆ. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಯೇಸು ಎದ್ದು ಬಂದದ್ದಾಯಿತು, ಶಿಷ್ಯರಿಗೆ ಕಾಣಿಸಿಕೊಂಡದ್ದಾಯಿತು, ಇನ್ನೂ ಎಷ್ಟೋ ಸಂಗತಿಗಳನ್ನು ಇಲ್ಲಿ ಬರೆದಿಲ್ಲ ಎಂಬರ್ಥದ ಮಾತೂ ಬಂತು. ಕೇಳಿದವರಿಗೆ ಅದೇ ಮುಕ್ತಾಯ ಅನ್ನಿಸುವ ಮಾತು ಅದು. ಹಾಳೆ ತಿರುವಿದೆ — ಇನ್ನೊಂದು ಅಧ್ಯಾಯ. ಮುಚ್ಚಿದೆ.

"ಮುಗೀತು ಅತ್ತಿ."

ಅತ್ತೆ ಏಳಲಿಲ್ಲ. "ಪೇತ್ರಂದು? ಯೇಸು ಅವಂಗ ಏನೂ ಅನ್ನಲಿಲ್ಲೇನ?"

"ಇಲ್ಲ. ಅಷ್ಟ ಐತಿ."

"ಮಾತ ಆಡಲಿಲ್ಲಾ?" ಎಂದು ತನಗೆ ತಾನೇ ಅಂದುಕೊಂಡು ಎದ್ದಳು. ಎಲ್ಲರಿಗೂ ಬಡಿಸಿದಳು. ನನಗೆ ದೊಡ್ಡ ತುಂಡನ್ನೇ ಹಾಕಿದಳು. ನಾನು ಚೆನ್ನಾಗಿ ಉಂಡೆ — ಇದನ್ನೂ ಹೇಳಿಯೇ ಬಿಡಬೇಕು.

ಆಮೇಲೆ ಅತ್ತೆ ಚರ್ಚಿನ ಪೂಜೆಯಲ್ಲಿ ಪರಮಪ್ರಸಾದಕ್ಕೆ ಹೋಗುವುದನ್ನು ಬಿಟ್ಟಳು. ಎಲ್ಲರೂ ಎದ್ದು ಸಾಲಾಗಿ ಹೋಗುವಾಗ ಅವಳು ಹಿಂದಿನ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಮೊಣಕಾಲು ನೋವಂತೆ ಎಂದು ನಾವೆಲ್ಲ ಅಂದುಕೊಂಡೆವು. ಗದ್ದೆಯಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವಳಿಗೆ ಇಗರ್ಜಿಯಲ್ಲಿ ಮಾತ್ರ ಬರುವ ನೋವು ಎಂಥದು ಎಂದು ಒಬ್ಬರಾದರೂ ಕೇಳಬಹುದಿತ್ತು. ನಾನಾದರೂ...

ಈ ವರ್ಷ ಇಗರ್ಜಿಯಲ್ಲಿ ಪಾಠ ಓದುವವರಿಗೆಂದು ಮುಂಡಗೋಡಿನಲ್ಲಿ ತರಬೇತಿ ಇತ್ತು. ಕಲಿಸಿದವರು ಮಂಗಳೂರು ಕಡೆಯ ಒಬ್ಬ ಸಿಸ್ಟರ್. ನನ್ನ ಓದು ಕೇಳಿ ನಕ್ಕರು. "ಓಡಬೇಡಿ. ಯಾರು ಎಲ್ಲಿದ್ದಾರೆ, ಅವರ ಕೈಯಲ್ಲಿ ಏನಿದೆ, ಅದನ್ನು ನೋಡುತ್ತಾ ಓದಿ." ಮನೆಯಲ್ಲಿ ತಯಾರಿ ಮಾಡಿಕೊಂಡು ಬರಲು ನನಗೆ ಕೊಟ್ಟದ್ದು ಅದೇ ಅಧ್ಯಾಯ. ನಾನು ಮುಚ್ಚಿದ್ದ ಹಾಳೆ.

ಬೆಳಗಿನ ಹೊತ್ತು. ರಾತ್ರಿಯಿಡೀ ಬಲೆ ಹಾಕಿ ಒಂದು ಮೀನೂ ಸಿಗದ ದೋಣಿ. ದಡದಲ್ಲಿ ಯೇಸು. ಪೇತ್ರ ನೀರಿಗೆ ಹಾರಿ ದಡಕ್ಕೆ ಬರುತ್ತಾನೆ. ಯೇಸುವಿನ ಕೈಯ ಹತ್ತಿರ ಏನಿದೆ? ನಾನು ನೋಡಿದೆ. ಇದ್ದಲ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ತಿನ್ನಿ, ಎಂದು ಕರೆಯುತ್ತಿದ್ದಾನೆ.

ಹಿಂದಿನ ಹಾಳೆಗಳನ್ನು ತಿರುವಿದೆ. ಪೇತ್ರ ಅಲ್ಲ ಎಂದ ಅಂಗಳ. ಅಲ್ಲಿಯೂ ಇದ್ದಲ ಬೆಂಕಿ. ಇದ್ದಲು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಕುಕ್ಕರಗಾಲಲ್ಲಿ ಕೂತು ಊದಬೇಕು, ಹೊಗೆಗೆ ಕಣ್ಣೀರು ಬರುತ್ತದೆ. ಸಾವನ್ನು ಗೆದ್ದು ಬಂದವನು, ಮೊಳೆಯ ಗಾಯವಿರುವ ಕೈಯಲ್ಲಿ, ತನ್ನನ್ನು ಗೊತ್ತಿಲ್ಲ ಎಂದವನಿಗಾಗಿ ಬೆಂಕಿ ಮಾಡಿ ಮೀನು ಸುಟ್ಟು ಕಾದಿದ್ದಾನೆ! ಯಾಕೆ ಹಾಗೆ ಅಂದೆ ಎಂದು ಕೇಳುವುದಿಲ್ಲ. ಮೊದಲು ಊಟ. ಊಟವಾದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳುತ್ತಾನೆ. ಅಲ್ಲ ಎಂದಷ್ಟೂ ಸಲ ಕೇಳುತ್ತಾನೆ — ಅಷ್ಟೂ ಸಲ ಹೌದು ಎನ್ನಲು ಅವನಿಗೆ ಬಿಡುತ್ತಾನೆ. ನನ್ನ ಕುರಿಗಳನ್ನು ನೋಡಿಕೋ ಎಂದು ತನ್ನವರನ್ನು ಅವನ ಕೈಗೇ ಒಪ್ಪಿಸುತ್ತಾನೆ.

ಇಂಥದು ಈ ಪುಸ್ತಕದಲ್ಲಿತ್ತು. ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಅತ್ತೆ ದಿನವೂ ಕೇಳುತ್ತಿದ್ದದ್ದು ಇದನ್ನೇ.

ಆ ದಿನವೇ ಅತ್ತೆಯ ಮನೆಗೆ ಹೋದೆ. ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಹಾಳೆ ಇತ್ತು, ನೋಡಿದ್ದೆ, ಹಸಿವಾಗಿತ್ತು, ಸುಳ್ಳು ಹೇಳಿದೆ. ಅತ್ತೆ ಒಲೆಯ ಕಟ್ಟಿಗೆಯನ್ನು ಒಳಗೆ ದೂಡಿದಳು.

"ಉಂಡೀಯೇನ?" ಎಂದಳು.

ರೊಟ್ಟಿ, ಸುಟ್ಟ ಒಣಮೀನು ಇಟ್ಟ ತಾಟನ್ನು ನನ್ನ ಮುಂದೆ ಸರಿಸಿದಳು. ನಾನು ಇನ್ನೂ ಆ ಅಧ್ಯಾಯವನ್ನು ಅವಳಿಗೆ ಓದಿರಲಿಲ್ಲ. ತಾಟು ಬಿಟ್ಟು ಬೈಬಲ್ ತೆರೆಯಲು ಹೋದೆ. "ಉಣ್ಣು. ಆಮ್ಯಾಲ ಓದು" ಎಂದಳು.

ಓದಿದೆ, ಓಡದೆ. ಬೆಂಕಿಯ ಮಾತು ಬಂದಾಗ ಅತ್ತೆ ಸೆರಗು ಬಾಯಿಗೆ ಹಿಡಿದಳು. ಮುಗಿದ ಮೇಲೆ ಮೆಲ್ಲಗೆ, "ಮೊದಲ ಉಣ್ಣಾಕ ಕರದನ?" ಎಂದಳು. ಹೌದು ಎಂದೆ. ಅವಳು ಅತ್ತಳು. ಅವಳು ಗೋಡೆಗೆ ಒರಗಿ ಕಳೆದ ಆ ಭಾನುವಾರಗಳಲ್ಲಿ ಒಂದನ್ನೂ ನಾನು ಹಿಂದಿರುಗಿಸಲಾರೆ.

"ಮುಗೀತು ಅತ್ತಿ," ಎಂದೆ.

ಅತ್ತೆ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು.

"ಹಾಳಿ ತಿರುವಿ ತೋರಸು."

ತಿರುವಿ ತೋರಿಸಿದೆ. ಓದು ಬಾರದವಳು ಬಗ್ಗಿ, ಅಲ್ಲಿನ ಅಕ್ಷರಗಳ ಮೇಲೆ ಬೆರಳಿಟ್ಟಳು. ಅಲ್ಲಿಂದ ಬೇರೆ ಪುಸ್ತಕ ಶುರು, ಆದರೆ ಅದರಲ್ಲೂ ಪೇತ್ರ ಇದ್ದಾನೆ ಎಂದೆ.

"ಹಂಗಾರ ಅದನ್ನೂ ಓದು. ಏನೂ ಬಿಡಬ್ಯಾಡ."

ಈಗ ದಿನವೂ ಸಂಜೆ ಹೋಗಿ ಓದುತ್ತೇನೆ. ಪ್ರತಿ ಸಲ ನಿಲ್ಲಿಸುವ ಮೊದಲು, ಅವಳು ಕೇಳದಿದ್ದರೂ, ಮುಂದಿನ ಹಾಳೆಯನ್ನು ತಿರುವಿ ತೋರಿಸುತ್ತೇನೆ.