ಕರೆಂಟಿಗೂ ಬಗ್ಗದ ಕತ್ತು

ಕೈರೋದ ಸಯ್ಯಿದಾ ಜೈನಬ್ ಬೀದಿಗಳಲ್ಲಿ ಬಯೂಮಿಯ ಕತ್ತಿಗೆ ಇದ್ದ ಮರ್ಯಾದೆ ಎಷ್ಟೋ ಜನರ ಇಡೀ ಮೈಗೆ ಇರಲಿಲ್ಲ. ಖರ್ಜೂರದ ಗರಿಯ ದಿಂಡಿನಿಂದ ಹೆಣೆದ, ಬಾಗಿಲಿನಷ್ಟು ಅಗಲದ ತಟ್ಟೆ, ಅದರ ತುಂಬ ಬಿಸಿ ರೊಟ್ಟಿ, ಅದೆಲ್ಲ ಅವನ ತಲೆಯ ಮೇಲೆ. ಬಲಗೈ ತಟ್ಟೆಗೆ, ಎಡಗೈ ಸೈಕಲ್ಲಿಗೆ. ಅವನು ಬಸ್ಸುಗಳ ನಡುವೆ ನುಸುಳುವಾಗ ಟ್ರಾಫಿಕ್ ಪೊಲೀಸನೂ ಸೀಟಿ ಊದುವುದನ್ನು ಮರೆತು ನೋಡುತ್ತಿದ್ದ. ಅಪ್ಪ ಹೊತ್ತದ್ದೂ ಅಜ್ಜ ಹೊತ್ತದ್ದೂ ಇದನ್ನೇ. ರೊಟ್ಟಿ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ಗೋಡೆಯ ಮೇಲಿಡುವ ಜನ ಅವರು. ಹಾಗೆ ಎತ್ತುವ ಕೆಲಸವನ್ನು ಬಯೂಮಿ ಯಾರಿಗೂ ಕೊಟ್ಟವನಲ್ಲ.

ಹಾಗಿರುವಾಗ ಎಡಗೈಯ ಕಿರುಬೆರಳು ಜೋಮು ಹಿಡಿಯಿತು. ಚಹಾದ ಲೋಟ ಜಾರತೊಡಗಿತು. ಒಂದು ಬೆಳಿಗ್ಗೆ ಬ್ರೇಕ್ ಹಿಡಿಯಲು ಕೈಯಲ್ಲಿ ಕಸುವಿಲ್ಲದೆ, ಬೇಯಿಸಿದ ಫೂಲ್ ಕಾಳು ಮಾರುವ ಮೆತ್ವಲ್ಲಿಯ ಗಾಡಿಯೆದುರೇ ಇಡೀ ತಟ್ಟೆ ಮಗುಚಿತು. ಬೀದಿಯವರೆಲ್ಲ ಬಗ್ಗಿ ರೊಟ್ಟಿ ಆರಿಸಿ ಮುತ್ತಿಟ್ಟರು. ಬಯೂಮಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕತ್ತು ಹೋಯ್ತು ಬಿಡು," ಎಂದ ಮೆತ್ವಲ್ಲಿ. "ನಾಳೆಯಿಂದ ಬೇಕರಿ ಕಿಟಕೀಲಿ ಕೂತು ರೊಟ್ಟಿ ಮಾರು ಮಾರಾಯ. ನೆರಳಾದ್ರೂ ಸಿಗತ್ತೆ."

ಮೂಳೆ ಡಾಕ್ಟರೂ ಅದೇ ರಾಗ ಹಾಡಿದರು. ಕತ್ತಿನಲ್ಲಿ ನರ ಒತ್ತಿರಬೇಕು, ಹಾಗಿದ್ದರೆ ಹೊರುವುದು ಮುಗಿಯಿತು, ಯಾವುದಕ್ಕೂ ಕರೆಂಟ್ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು, ತಲೆ ಮೇಲೆ ರೊಟ್ಟಿ ಹೊರುವವನು ಅಂತ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಅಟ್ಟಿದರು.

ಪರೀಕ್ಷೆ ಮಾಡುವ ಡಾಕ್ಟರ್ ಇಬ್ತಿಹಾಲ್ ಗಟ್ಟಿಗಿತ್ತಿ. ಅವನ ಕತ್ತಿನ ಹಿಂಬದಿಗೆ ಕೂದಲಿನಂಥ ಸೂಜಿ ಚುಚ್ಚಿ ಪೆಟ್ಟಿಗೆಯ ಸ್ಪೀಕರಿಗೆ ಕಿವಿಗೊಟ್ಟಳು. "ನರ ಕೆಟ್ಟಿದ್ರೆ ಸ್ನಾಯು ಸುಮ್ನಿದ್ದಾಗ್ಲೂ ಪಟಪಟ ಅನ್ನತ್ತೆ. ಚೆನ್ನಾಗಿದ್ರೆ ಗಪ್‌ಚುಪ್. ಎಲ್ಲಿ, ಕತ್ತು ಸಡಿಲ ಬಿಡು."

ಬಯೂಮಿ ಬಿಟ್ಟ. ಪೆಟ್ಟಿಗೆ ಮಳೆ ಸುರಿದಂತೆ ಭೋರ್ಗರೆಯಿತು.

"ಬಿಡಪ್ಪ ಅಂದ್ರೆ!"

"ಬಿಟ್ಟಿದೀನಲ್ಲಮ್ಮ!"

"ಅವ್ನು ಮಲಗಿದ್ರೂ ಹಂಗೇ ಡಾಕ್ಟ್ರಮ್ಮ," ಎಂದಳು ಜೊತೆಗೆ ಬಂದಿದ್ದ ಹೆಂಡತಿ ಕರಾವಿಯಾ. "ಆ ಕತ್ತು ಒಂದಿನಾನೂ ಸಡಿಲ ಆಗಿಲ್ಲ. ಅವ್ನ ನಾಲಿಗೇಗೂ ಸ್ವಲ್ಪ ಕರೆಂಟ್ ಕೊಡಿ, ಬೀದಿಗೆಲ್ಲ ಉಪಕಾರ ಆಗತ್ತೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಸೂಜಿ ತೆಗೆದು, "ತಲೆ ಮೇಲಿನ ತಟ್ಟೆ ಮೊದ್ಲು ಇಳಿಸು ಉಸ್ತಾದ್. ದಿನಾ ಹೇಗೆ ಇಳಿಸ್ತೀಯೋ ಹಾಗೇ," ಎಂದಳು.

ಸೈಕಲ್ ನಿಲ್ಲಿಸದೆ ತಟ್ಟೆ ಇಳಿಸುವುದುಂಟೇ? ಬಯೂಮಿ ಇಲ್ಲದ ತಟ್ಟೆಗೆ ಬಲಗೈ ಮೇಲೆತ್ತಿದ. ಎಡಗೈ ಮುಂದೆ ಚಾಚಿ, ಮಣಿಕಟ್ಟು ಹಿಂದಕ್ಕೆ ಮಡಿಸಿ, ಇಲ್ಲದ ಹ್ಯಾಂಡಲ್ಲಿಗೆ ಅಂಗೈಯ ಬುಡವನ್ನು ಬಲವಾಗಿ ಒತ್ತಿ ಇಲ್ಲದ ಬ್ರೇಕ್ ಹಿಡಿದ.

"ಅಲ್ಲೇ ಇರು!" ಡಾಕ್ಟರ್ ಆ ಎಡಗೈಯನ್ನು ಹಿಡಿದುಕೊಂಡಳು. "ಸೈಕಲ್ ವಿಷ್ಯ ಯಾಕೆ ಹೇಳ್ಲಿಲ್ಲ?"

"ಸೈಕಲ್‌ದೇನಿದೆ ಹೇಳೋಕೆ? ಅದನ್ನ ಯಾರು ಬೇಕಾದ್ರೂ ಹೊಡೀತಾರೆ."

ಅವನು ತಟ್ಟೆ ಇಳಿಸಿಯೂ ಬಿಟ್ಟ. ಮತ್ತೆ ಸೂಜಿ ಇಟ್ಟಾಗ ಪೆಟ್ಟಿಗೆ ತುಟಿಪಿಟಿಕ್ಕೆನ್ನಲಿಲ್ಲ. ಕತ್ತಿನ ನರ ಗುಂಡುಕಲ್ಲಿನಂತೆ ಗಟ್ಟಿಮುಟ್ಟಾಗಿತ್ತು. ಆಮೇಲೆ ಮೊಣಕೈಗೆ ಕರೆಂಟ್ ಕೊಟ್ಟಳು, ಮಣಿಕಟ್ಟಿಗೆ ಕೊಟ್ಟಳು. ಕಿರುಬೆರಳು ಕುಪ್ಪಳಿಸಿತು. ಪರದೆಯ ಗೆರೆಗಳನ್ನು ನೋಡಿ, "ಮಣಿಕಟ್ಟಿನ ತನಕ ನರ ಕುದುರೆ ಥರ ಓಡ್ತಿದೆ. ಅಂಗೈ ಬುಡದಲ್ಲಿ ಕುಂಟ್ತಿದೆ. ತಪ್ಪು ರೊಟ್ಟೀದಲ್ಲ, ಹ್ಯಾಂಡಲ್‌ದು," ಎಂದಳು.

"ಅಂದ್ರೆ ಹೊರಬಹುದಾ?" ಬಯೂಮಿ ಕೇಳಿದ.

"ಹೊರು. ಆ ಅಂಗೈ ಮೇಲೆ ಮಾತ್ರ ಭಾರ ಬಿಡಬೇಡ."

ಅವನು ಕರಾವಿಯಾಳ ಮುಂದೆಯೇ ಗಳಗಳ ಅತ್ತ. ಅವಳು ನೋಡದವಳಂತೆ ಚೀಲ ಹುಡುಕಿದಳು.

ಆಮೇಲೆ ಕೈ ಬದಲಿಸಬೇಕಾಯಿತು. ಬಲಗೈಯಲ್ಲಿ ಸೈಕಲ್, ಎಡಗೈಯ ಬೆರಳುಗಳಲ್ಲಿ ತಟ್ಟೆಯ ಅಂಚು. ಖಾಲಿ ತಟ್ಟೆ ಹೊತ್ತು ಹಿತ್ತಿಲ ಓಣಿಯಲ್ಲಿ ಎಷ್ಟು ಸಲ ಬಿದ್ದನೋ, ಕರಾವಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡೆಗೊಂದು ಬೆಳಿಗ್ಗೆ ತುಂಬಿದ ತಟ್ಟೆ ಹೊತ್ತು, ಒಂದು ರೊಟ್ಟಿಯೂ ಅಲುಗದಂತೆ, ಮೆತ್ವಲ್ಲಿಯ ಗಾಡಿಯೆದುರು ಬಂದು ನಿಂತ.

"ಕಿರುಬೆರಳು ಯಾಕೋ ಹಾಗೆ ನಿಗುರ್ಕೊಂಡಿದೆ?" ಎಂದ ಮೆತ್ವಲ್ಲಿ.

"ಅದು ರಜಾದಲ್ಲಿದೆ. ಕತ್ತು ನೋಡು, ಕರೆಂಟಿಗೂ ಬಗ್ಗಲಿಲ್ಲ."

ಮೆತ್ವಲ್ಲಿ ಸೋತವನಂತೆ ನಕ್ಕು, ತಟ್ಟೆ ಇಳಿಸಲು ಎರಡೂ ಕೈ ಚಾಚಿದ. ಬಯೂಮಿ ಆಗಲೇ ಪೆಡಲ್ ತುಳಿದಿದ್ದ.

"ಎಲ್ಲಿಗೋ? ರೊಟ್ಟಿ ಆರೋಗತ್ತೆ!"

"ಇರು, ಇನ್ನೊಂದು ಸುತ್ತು ಹಾಕಿ ಬರ್ತೀನಿ. ನೋಡದೇ ಇರೋರು ಇನ್ನೂ ಇದಾರೆ."