ಪಾದ್ರಿ ಕಲ್ಲು ಒಣಗಿದ್ದ ದಿನ

ನನ್ನ ಸೋದರತ್ತೆ ನೆಟ್ಟಾ ಗೀಕಿ ಹೆದರದೆ ಇದ್ದದ್ದು ಬೆಂಕಿಗೆ ಮಾತ್ರ. ನಮ್ಮೂರು ಕಿರ್ಕ್‌ಫಿನ್ನಿಯ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸುತ್ತಲೇ ಅರ್ಧ ಆಯುಷ್ಯ ಕಳೆದವಳು ಅವಳು. ಕುದಿಯುವ ಸೂಪಿನ ಹಂಡೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದಳು. ಉಳಿದ ಎಲ್ಲದಕ್ಕೂ ಅವಳಿಗೆ ಭಯ. ಕರು ಹಾಕಿದ ಹಸುಗಳು ಮೇಯುವ ಹೊಲದೊಳಗೆ ಕಾಲಿಡುತ್ತಿರಲಿಲ್ಲ. ಪರ್ತ್‌ನ ಆಸ್ಪತ್ರೆಗೆ ಹೋದಾಗ ಲಿಫ್ಟ್ ಬೇಡವೆಂದು ಮೆಟ್ಟಿಲು ಹತ್ತಿ, ರಕ್ತದೊತ್ತಡ ನೋಡಿದ ನರ್ಸನ್ನೇ ಗಾಬರಿ ಮಾಡಿದ್ದಳು. ಗಾಳಿ ಬೀಸುವಾಗ ಬೀಚ್ ಮರಗಳು ಕಿರುಗುಟ್ಟಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಭಯ ಫಿನ್ನಿ ಹೊಳೆಯದು. ಅದರ ದಡದ ಮನೆಯಲ್ಲೇ ಹುಟ್ಟಿ, ಅದರ ಸದ್ದಿನಲ್ಲೇ ಮಲಗಿ ಎದ್ದವಳು ಅದರೊಳಗೆ ಕಾಲಿನ ಹೆಬ್ಬೆರಳನ್ನೂ ಅದ್ದಿರಲಿಲ್ಲ. ಚಿಕ್ಕಂದಿನಲ್ಲಿ ಮುಳುಗಿದ್ದಳೇನೋ, ಯಾರಾದರೂ ತಳ್ಳಿದ್ದರೇನೋ ಎಂದು ಕಾರಣ ಹುಡುಕಿದವರೆಲ್ಲ ಸೋತಿದ್ದರು. "ಕಾರಣ ಅಂತ ಒಂದಿದ್ದಿದ್ರೆ ಅದನ್ನೇ ಬೈಕೊಂಡು ಸುಮ್ಮನಾಗ್ತಿದ್ದೆ ಕಣೇ," ಎನ್ನುತ್ತಿದ್ದಳು ನನಗೆ. ಊರಿಗೆ ಅವಳು ಪುಕ್ಕಲಿ ನೆಟ್ಟಾ. ಶಾಲೆಯ ಮಕ್ಕಳೂ ಹಾಗೇ ಕರೆಯುತ್ತಿದ್ದರು, ಅವಳು ಬಡಿಸಿದ ಆಲೂಗಡ್ಡೆಯನ್ನು ಬಾಯಲ್ಲಿ ತುಂಬಿಕೊಂಡೇ.

ಆದರೂ ಹೊಳೆದಾರಿಯಲ್ಲಿ ಅವಳಷ್ಟು ನಡೆದವರು ಊರಲ್ಲಿ ಇನ್ನೊಬ್ಬರಿಲ್ಲ. ಅದಕ್ಕೆ ಕಾರಣ ನನ್ನ ಅಪ್ಪ ಡೋಡ್, ಅವಳ ಒಬ್ಬನೇ ತಮ್ಮ. ಸೇತುವೆಯಿಂದ, ಹೊಳೆ ಇಕ್ಕಟ್ಟಿನಲ್ಲಿ ಹರಿಯುವ ಮೇಲಿನ ಕೊರಕಲಿನವರೆಗಿನ ಕಾಲುದಾರಿಯನ್ನು ನೋಡಿಕೊಳ್ಳುವುದು ಅಪ್ಪನ ಕೆಲಸ. ಬಿದ್ದ ಕೊಂಬೆ ಕಡಿಯಬೇಕು, ಕುಸಿದ ಮೆಟ್ಟಿಲು ಸರಿಮಾಡಬೇಕು, ಮಳೆನೀರಿಗೆ ಕಾಲುವೆ ಬಿಡಿಸಬೇಕು. ನನ್ನ ಅಮ್ಮ ತೀರಿಕೊಂಡ ಮೇಲೆ ಅವನ ಮಧ್ಯಾಹ್ನದ ಬುತ್ತಿಯನ್ನು ಅತ್ತೆಯೇ ಒಯ್ಯುತ್ತಿದ್ದಳು. ದಾರಿಯ ಹೊಳೆಯ ಮಗ್ಗುಲು ಬಿಟ್ಟು ಕಾಡಿನ ಮಗ್ಗುಲಲ್ಲೇ, ಒಂದು ಮರದಿಂದ ಇನ್ನೊಂದು ಮರಕ್ಕೆ ಕೈ ಊರುತ್ತ ನಡೆಯುವಳು. ಹಾಗೆ ಹಿಡಿದು ಹಿಡಿದು ಕೆಲವು ಮರಗಳ ಪಾಚಿ ಒಂದೇ ಕಡೆ ಸವೆದಿತ್ತು. ಯಾಕೆ ಅಷ್ಟು ಕಷ್ಟಪಡುತ್ತೀ, ಬುತ್ತಿಯನ್ನು ಬೆಳಿಗ್ಗೆಯೇ ಕೊಟ್ಟು ಕಳಿಸಬಾರದೇ ಎಂದು ನಾನು ಕೇಳಿದ್ದುಂಟು. "ಬುತ್ತಿ ಒಂದು ನೆಪ. ಇದ್ದಾನೋ ಇಲ್ವೋ ಅಂತ ಒಂದ್ಸಲ ನೋಡ್ಬೇಕಲ್ಲ," ಎಂದಿದ್ದಳು.

ಹೊಳೆಯ ನಡುವೆ ಆಳೆತ್ತರದ ಒಂದು ಬಂಡೆಯಿದೆ. ಮೈ ಕಪ್ಪು, ನೆತ್ತಿ ಹಕ್ಕಿ ಹಿಕ್ಕೆಯಿಂದ ಬಿಳುಪು. ದೂರದಿಂದ ಕರಿ ನಿಲುವಂಗಿ ತೊಟ್ಟು ನಿಂತ ಮುದುಕನ ಹಾಗೆ ಕಾಣುವುದರಿಂದ ಅದು ಪಾದ್ರಿ ಕಲ್ಲು. ಅದರ ಕೆಳಗಡೆ ಈ ದಡದಿಂದ ಆ ದಡಕ್ಕೆ ಹಾಸಿದ ದಾಟುಗಲ್ಲುಗಳಿವೆ. ಪಾದ್ರಿಯ ಭುಜ ನೆನೆದಿದ್ದರೆ ಮನೆಗೆ ಹೋಗು, ಒಣಗಿದ್ದರೆ ದಾಟು: ನಮ್ಮೂರಲ್ಲಿ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಇದನ್ನೂ ಕಲಿಸುತ್ತಾರೆ. ಚಳಿಗಾಲದ ನೆರೆ ಎಳೆದಾಡಿ ಹೋದ ದಾಟುಗಲ್ಲುಗಳನ್ನು ವಸಂತದಲ್ಲಿ ಮೊದಲ ಸಲ ಪಾದ್ರಿಯ ಭುಜ ಒಣಗಿದ ದಿನ ಮತ್ತೆ ನೇರ ಮಾಡುವುದು ಪದ್ಧತಿ. ಆ ದಿನ ಯಾರೂ ಆಕಾಶ ನೋಡುವುದಿಲ್ಲ, ಹವಾಮಾನ ಕೇಳುವುದಿಲ್ಲ. ಪಾದ್ರಿಯನ್ನು ನೋಡಿದರೆ ಸಾಕು.

ಆ ವರ್ಷದ ಬಿರುಗಾಳಿ ಮೇಲಿನ ಕೊರಕಲಿನಲ್ಲಿ ಲಾರ್ಚ್ ಮರಗಳನ್ನು ಬೆಂಕಿಕಡ್ಡಿ ಚೆಲ್ಲಿದ ಹಾಗೆ ಕೆಡವಿತ್ತು. ಅಲ್ಲಿಗೆ ಹೋಗುವ ದಾರಿಯೇ ಮುಚ್ಚಿತ್ತು. ಮಾರ್ಚ್ ತಿಂಗಳ ಒಂದು ಶನಿವಾರ. ನಾನು ಪಕ್ಕದ ಪೇಟೆಯಲ್ಲಿ ಪಾಠ ಮಾಡುವವಳು, ರಜೆಯೆಂದು ಊರಿಗೆ ಬಂದಿದ್ದೆ. ಹಿಂದಿನ ರಾತ್ರಿಯೆಲ್ಲ ಮಳೆ ಸುರಿದು, ಬೆಟ್ಟದ ಮೇಲಿನ ಹಿಮ ಅರ್ಧಕ್ಕರ್ಧ ಕರಗಿತ್ತು. ಬೆಳಿಗ್ಗೆ ಬಿಸಿಲು ಬಂತು. ಅತ್ತೆ ಓಟ್ಸ್ ರೊಟ್ಟಿ, ಚೀಸ್, ಒಂದು ಫ್ಲಾಸ್ಕ್ ಚಹಾ ಚೀಲಕ್ಕೆ ಹಾಕಿಕೊಂಡಳು. ನಾನೂ ಜೊತೆಗೆ ಹೊರಟೆ.

ಕಾಡಿನೊಳಗೆ ಸ್ವಲ್ಪ ದೂರ ಹೋಗುವುದರಲ್ಲಿ ಅತ್ತೆ ನಿಂತಳು.

"ಏನತ್ತೆ?"

"ಏನಾದ್ರೂ ಕೇಳಿಸ್ತಿದ್ಯಾ ನಿಂಗೆ?"

"ಇಲ್ಲ."

"ನಂಗೂ ಇಲ್ಲ," ಎಂದಳು.

ಅವಳು ಹೇಳಿದ ಮೇಲೆಯೇ ನನಗೂ ಅರಿವಾದದ್ದು. ಹೊಳೆಯ ಸದ್ದಿರಲಿಲ್ಲ. ಕೊಂಬೆಗಳಿಂದ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು, ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು. ಯಾವಾಗಲೂ ಇವೆಲ್ಲದರ ಕೆಳಗೆ ಇರುತ್ತಿದ್ದ ಆ ಮೊರೆತ ಮಾತ್ರ ಇಲ್ಲ. ಅತ್ತೆ ಮರ ಹಿಡಿಯುವುದನ್ನೂ ಮರೆತು ದಾರಿಯ ನಡುವೆಯೇ ಓಡತೊಡಗಿದಳು.

ದಾಟುಗಲ್ಲಿನ ಹತ್ತಿರ ಅಪ್ಪ ಮತ್ತು ವ್ಯಾಟಿ ಪಿರೀ ಹೊಳೆಯ ನಟ್ಟನಡುವೆ ನಿಂತು ಹಾರೆ ಹಾಕಿ ಒಂದು ಚಪ್ಪಡಿ ಎಬ್ಬಿಸುತ್ತಿದ್ದರು. ವ್ಯಾಟಿ ಅಪ್ಪನ ಗೆಳೆಯ, ಬಸ್ ಓಡಿಸಿ ನಿವೃತ್ತನಾದವನು, ಬಾಯಿಗೆ ಬಿಡುವಿಲ್ಲದವನು. ಮೊಣಕಾಲು ಮುಳುಗಬೇಕಾದಲ್ಲಿ ನೀರು ಅವರ ಬೂಟಿನ ಹಿಮ್ಮಡಿಗೂ ಬರುತ್ತಿರಲಿಲ್ಲ. ಪಾದ್ರಿ ಕಲ್ಲು ಬಿಸಿಲಿಗೆ ಬುಡದವರೆಗೂ ಕಾಣುತ್ತಿತ್ತು.

"ಬಂದ್ಲಪ್ಪಾ ಪುಕ್ಕಲಿ!" ವ್ಯಾಟಿ ಕೂಗಿದ. "ಹೊಳೆ ನಿನ್ನ ನೋಡಿ ಹೆದ್ರಿ ಓಡಿಹೋಗಿದೆ ನೋಡು ನೆಟ್ಟಾ."

"ಡೋಡ್, ಮೇಲೆ ಬಾರೋ."

"ಬುತ್ತಿ ಅಲ್ಲೇ ಇಡಕ್ಕಾ. ಇಂಥ ದಿನ ಮತ್ತೆ ಸಿಗಲ್ಲ. ಸಂಜೆಯೊಳಗೆ ಎಲ್ಲಾ ಕಲ್ಲೂ ಕೂರಿಸ್ಬಿಡ್ತೀವಿ."

"ರಾತ್ರಿಯೆಲ್ಲ ಮಳೆ ಹೊಡೆದಿದೆ. ಆ ನೀರೆಲ್ಲ ಎಲ್ಲಿ ಹೋಯ್ತು?"

"ನಿನ್ನ ಕೆಟಲ್‌ಗೆ," ಎಂದ ವ್ಯಾಟಿ.

ಅಪ್ಪನೂ ನಕ್ಕ. "ಪಾದ್ರಿಗಳನ್ನ ನೋಡಕ್ಕಾ. ಅವರ ಭುಜಕ್ಕೆ ಕಡ್ಡಿ ಗೀರಿದ್ರೆ ಹತ್ತಿಕೊಳ್ಳುತ್ತೆ, ಅಷ್ಟು ಒಣಗಿದೆ. ಇನ್ನೇನು ಬೇಕು ನಿಂಗೆ?"

ಸತ್ಯ ಹೇಳಬೇಕೆಂದರೆ ನನಗೂ ಅಪ್ಪನ ಮಾತೇ ಸರಿಯೆನಿಸಿತ್ತು. ಪಾದ್ರಿಯ ಭುಜ ಒಣಗಿತ್ತು. ಆದರೆ ಅತ್ತೆ ಪಾದ್ರಿಯನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ದಡದ ಹತ್ತಿರದ ಒಂದು ಗುಂಡಿಯ ಮೇಲಿತ್ತು. ಅಲ್ಲಿ ಉಳಿದ ಅಂಗೈಯಷ್ಟು ನೀರಿನಲ್ಲಿ ಒಂದು ಮೀನು ಮಗ್ಗುಲಾಗಿ ಬಿದ್ದು ಬಾಲ ಬಡಿಯುತ್ತಿತ್ತು. ಕಲ್ಲುಗಳಿಗೆ ಅಂಟಿದ ನೀರುಪಾಚಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ನೀರು ಹೋಗಿ ಬಹಳ ಹೊತ್ತಾಗಿರಲಿಲ್ಲ.

"ಮೇಲೆ ಯಾರೋ ಹಿಡ್ಕೊಂಡಿದ್ದಾರೆ ಅದನ್ನ," ಎಂದಳು ಅತ್ತೆ ಸಣ್ಣ ದನಿಯಲ್ಲಿ. ಆಗ ನನಗೆ ಕೊರಕಲಿನಲ್ಲಿ ಅಡ್ಡಾದಿಡ್ಡಿ ಬಿದ್ದ ಆ ಮರಗಳು ನೆನಪಾದವು. ನೀರನ್ನು ಹಿಡಿದಿಡಲು ಅಷ್ಟು ಸಾಲದೇ? ಮತ್ತೆ ಅದು ಎಷ್ಟು ಹೊತ್ತು ಹಿಡಿದೀತು?

"ಅಪ್ಪಾ, ಬಾ ಮೇಲೆ! ಮೇಲುಗಡೆ ಮರ ಅಡ್ಡ ಬಿದ್ದು ನೀರು ಕಟ್ಟಿರಬಹುದು!" ಎಂದು ನಾನೂ ಕೂಗಿದೆ.

"ಇವಳಿಗೂ ಅಂಟಿಸಿಬಿಟ್ಯಾ ಅಕ್ಕಾ?" ಅಪ್ಪನಿಗೆ ಈಗ ಸಿಟ್ಟು ಬಂದಿತ್ತು. "ಈ ಚಪ್ಪಡಿ ಒಂದು ಕೂರಲಿ, ಬರ್ತೀನಿ. ಅಷ್ಟರೊಳಗೆ ಸುಮ್ಮನಿದ್ದು ಚಹಾ ಬಗ್ಗಿಸು." ಅವನು ಬೆನ್ನು ತಿರುಗಿಸಿ ಮತ್ತೆ ಹಾರೆ ಹಾಕಿದ.

ಅತ್ತೆ ಚೀಲವನ್ನು ನನ್ನ ಕೈಗೆ ಕೊಟ್ಟಳು. ಇನ್ನು ಅಳುತ್ತಾಳೆ, ಇಲ್ಲವೇ ಊರ ಕಡೆ ಓಡುತ್ತಾಳೆ ಎಂದುಕೊಂಡೆ. ಅವಳು ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ದಡ ಇಳಿದು, ಶೂ ಕಾಲಲ್ಲೇ ಹೊಳೆಯೊಳಗೆ ಕಾಲಿಟ್ಟಳು.

ಇಳಿಯಬೇಕಾದ ಜಾಗ ಯಾವುದೆಂದು ಊರಿನ ಯಾವ ಮಗುವಿಗೂ ಗೊತ್ತು. ಎಂದೂ ಇಳಿಯದ ಅವಳಿಗೆ ಗೊತ್ತಿರಲಿಲ್ಲ. ತಮ್ಮ ಕಂಡ ಕಡೆಗೆ ನೆಟ್ಟಗೆ ಹೊರಟಳು. ಅವಳಿಗೂ ಅವನಿಗೂ ನಡುವೆ ಒಂದು ಮಡು, ಎಂಥ ಬೇಸಗೆಯಲ್ಲೂ ಬತ್ತದ್ದು. ಎರಡು ಹೆಜ್ಜೆಗೆ ಮೊಣಕಾಲು, ಮೂರನೆಯದಕ್ಕೆ ಸೊಂಟ. ಅವಳ ಬಾಯಿಂದ ಬಂದ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಅಪ್ಪ ತಿರುಗಿ ನೋಡಿದ. ಅಕ್ಕ ಹೊಳೆಯಲ್ಲಿ! ಅವನ ಮುಖದ ಮೇಲಿನ ಸಿಟ್ಟು ಹಾಗೇ ಅಳಿಸಿಹೋಯಿತು. ಹಾರೆ ಕೈಬಿಟ್ಟು, "ಅಕ್ಕಾ, ಅಲ್ಲೇ ನಿಲ್ಲು! ಅಲ್ಲಾಡಬೇಡ!" ಎನ್ನುತ್ತ ಜಾರುಗಲ್ಲುಗಳ ಮೇಲೆ ಬೀಳುತ್ತ ಏಳುತ್ತ ಓಡಿಬಂದ. ಹಿಂದೆ ವ್ಯಾಟಿ. ಇಬ್ಬರೂ ಅವಳ ತೋಳುಗಳನ್ನು ಹಿಡಿದು ಎಳೆದರು. ನಾನು ದಡದಿಂದ ಕೈ ಚಾಚಿದೆ. ಮೇಲೆ ಬಂದವಳು ಕೂರಲಿಲ್ಲ. ಅಪ್ಪನ ಕಾಲರನ್ನು ಎರಡೂ ಕೈಯಲ್ಲಿ ಹಿಡಿದು, "ಇನ್ನೂ ಮೇಲೆ, ಇನ್ನೂ ಮೇಲೆ," ಎನ್ನುತ್ತ ದಾರಿ ದಾಟಿಸಿ, ಕಾಡಿನ ಏರಿನಲ್ಲಿ ಅವನನ್ನು ಎಳೆದುಕೊಂಡೇ ಹೋದಳು. ಸೂಪಿನ ಹಂಡೆ ಇಳಿಸಿದ ಕೈಗಳು ಅವು, ಬಿಡಿಸಿಕೊಳ್ಳುವುದು ಸುಲಭವಿರಲಿಲ್ಲ.

"ಹುಚ್ಚು ಹಿಡಿದಿದೆಯೇನೇ ನಿಂಗೆ? ಸತ್ತೇ ಹೋಗ್ತಿದ್ದೆಯಲ್ಲೇ!" ಅಪ್ಪ ಅರಚುತ್ತಿದ್ದ.

"ಆಯ್ತು, ಬೈಯಿ. ಮೇಲೆ ಹೋಗಿ ಬೈಯಿ."

ದೊಡ್ಡ ಬೀಚ್ ಮರದ ಹತ್ತಿರ ಬಂದಿದ್ದೆವು. ಮೊದಲು ವಾಸನೆ ಬಂತು. ಹಳೇ ಕೆಸರಿನದು, ಸಿಗಿದ ಮರದ್ದು. ಆಮೇಲೆ ಕಾಲಿನ ಕೆಳಗಿನ ನೆಲ ಗುಡುಗಿತು. ತಿರುವಿನಿಂದ ಕಂದು ಬಣ್ಣದ ಒಂದು ಗೋಡೆ ಬಂತು. ನೀರಿಗಿಂತ ಮರವೇ ಹೆಚ್ಚಿತ್ತು ಅದರಲ್ಲಿ, ಬೇರು ಸಮೇತ ಲಾರ್ಚ್ ಮರಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಪಾದ್ರಿ ಕಲ್ಲು ಕಂಡಿತು, ಆಮೇಲೆ ಕಾಣಲಿಲ್ಲ. ದಾಟುಗಲ್ಲು, ಹಾರೆ, ಕಲ್ಲಿನ ಮೇಲೆ ಮಡಚಿಟ್ಟಿದ್ದ ವ್ಯಾಟಿಯ ಜಾಕೆಟ್ಟು, ಯಾವುದೂ ಉಳಿಯಲಿಲ್ಲ. ನಾವು ಅತ್ತೆಯನ್ನು ಎಳೆದು ಹಾಕಿದ್ದ ದಡವೂ ಕಾಲುದಾರಿಯನ್ನು ಸೇರಿಸಿಕೊಂಡು ಬ್ರೆಡ್ಡಿನ ತುಂಡಿನ ಹಾಗೆ ಕಳಚಿಹೋಯಿತು.

ವ್ಯಾಟಿ ತನ್ನ ಜಾಕೆಟ್ಟಿದ್ದ ಜಾಗವನ್ನೇ ನೋಡುತ್ತ ನಿಂತ. ಅಪ್ಪ ಮರಕ್ಕೆ ಒರಗಿ ಕುಸಿದು ಕೂತ. ನಾನು ಚಹಾ ಬಗ್ಗಿಸಿದೆ, ಅರ್ಧ ನೆಲಕ್ಕೆ ಚೆಲ್ಲಿತು. ಅತ್ತೆ ಒದ್ದೆ ಬಟ್ಟೆಯಲ್ಲಿ ಹಲ್ಲು ಕಟಕಟಿಸುತ್ತ ಅವನನ್ನೇ ನೋಡುತ್ತಿದ್ದಳು.

"ಅಪ್ಪನ್ನ ಮೇಲೆ ಕರೆಸೋಕೆ ಅಂತಾನೇ ಇಳಿದ್ಯಾ ಅತ್ತೆ?" ಎಂದು ಕೇಳಿದೆ.

"ಅಷ್ಟೆಲ್ಲ ಯೋಚಿಸೋಕೆ ತಲೆ ಎಲ್ಲಿತ್ತು?" ಎಂದಳು. "ದಡದಲ್ಲಿ ನಿಂತು ನೋಡೋಕೆ ಇನ್ನೂ ಜಾಸ್ತಿ ಹೆದರಿಕೆ ಆಯ್ತು. ಅದಕ್ಕೆ ಇಳಿದೆ."

ದಾರಿ ಕೊಚ್ಚಿಹೋಗಿದ್ದರಿಂದ ಕಾಡಿನ ಏರಿನಲ್ಲೇ ಮನೆ ಕಡೆ ನಡೆಯಬೇಕಾಯಿತು. ಕೆಳಗೆ ಹೊಳೆ ಮೊರೆಯುತ್ತಿತ್ತು. ಬುಡ ಸಡಿಲಾದ ಮರಗಳು ಒಂದೊಂದಾಗಿ ನೀರಿಗೆ ಉರುಳುವ ಸದ್ದು ಬರುತ್ತಿತ್ತು. ಅತ್ತೆಯೇ ಮುಂದೆ ನಡೆದಳು, ಪ್ರತಿ ಸದ್ದಿಗೂ ಬೆಚ್ಚುತ್ತ. ಅಪ್ಪ ಅವಳ ಕೋಟಿನ ಹಿಂಬದಿಯನ್ನು ಹಿಡಿದುಕೊಂಡಿದ್ದ. ಆ ಕಾಡಿನ ಪ್ರತಿ ಮರವನ್ನೂ ಬಲ್ಲವನು, ಆದರೆ ಆ ದಿನ ಕೊಂಬೆ ಅಲ್ಲಾಡಿದರೂ ತಲೆ ತಗ್ಗಿಸುತ್ತಿದ್ದ.

ಒಂದು ಕಡೆ ಅರ್ಧ ಬಿದ್ದ ಪೈನ್ ಮರವೊಂದು ಇನ್ನೊಂದು ಮರದ ಕವಲಿನಲ್ಲಿ ಸಿಕ್ಕಿ, ನಮ್ಮ ದಾರಿಯ ಮೇಲೆ ಚಪ್ಪರದ ಹಾಗೆ ನಿಂತಿತ್ತು. ಅಪ್ಪ ನಿಂತ.

"ಅಕ್ಕಾ, ಇದರ ಕೆಳಗೆ ಹೋಗಬಹುದಾ?"

"ನಂಗೇನು ಗೊತ್ತು ಮರದ ವಿಷಯ? ನೀನಲ್ವಾ ಕಡಿಯೋನು."

"ನಂಗೆ ಏನೂ ತೋಚ್ತಿಲ್ಲ. ನೀನೇ ಹೇಳು."

ಅತ್ತೆ ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು. ನಾವು ಮೂವರೂ ಅವಳ ಮುಖ ನೋಡುತ್ತ ನಿಂತೆವು.

"ನಂಗೆ ಹೆದರಿಕೆ ಆಗ್ತಿದೆ," ಎಂದಳು.

"ಹಾಗಾದ್ರೆ ಸುತ್ತಿ ಹೋಗೋಣ," ಎಂದ ಅಪ್ಪ. ವ್ಯಾಟಿ ಆಗಲೇ ಏರು ಹತ್ತತೊಡಗಿದ್ದ.